ಕೊಟ್ಟಿಗೆಯಲ್ಲಿ ನಿಂತ ಜಾವಾ: ಜೀರ್ಣೋದ್ಧಾರದ ಮೊದಲ ಹೆಜ್ಜೆಗಳು

ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ತಯಾರಾಗತೊಡಗಿದ ಜಾವಾ ಮೋಟಾರು ಸೈಕಲ್ಲುಗಳು ನಮ್ಮ ನಾಡಿನ ಕೆಲವು ಮನೆಗಳ ಕೊಟ್ಟಿಗೆಗಳಲ್ಲಿ ಇಂದಿಗೂ ಗೋಣಿತಟ್ಟು ಹೊದ್ದು ನಿಂತಿವೆ. ಈ ಹೆಸರಿನ ಹುಟ್ಟು ಜೆಕೊಸ್ಲೊವಾಕಿಯದಲ್ಲಿ. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿಯು ತನ್ನ ಹೆಸರಿನ ಆದ್ಯಕ್ಷರಗಳಿಗೆ ಜರ್ಮನಿಯ ವಾಂಡರರ್ ಸಂಸ್ಥೆಯ ಆದ್ಯಕ್ಷರಗಳನ್ನು ಕೂಡಿಸಿ ಅದನ್ನು ಕಟ್ಟಿದನು. ಮೈಸೂರಿನ ಗಾಡಿಗಳು 1973ರಿಂದ ಯೆಜ್ದಿ ಎನಿಸಿಕೊಂಡವು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು.

ತಂದೆಯೋ ಸೋದರಮಾವನೋ ಬಿಟ್ಟುಹೋದ ಇಂಥ ಗಾಡಿ ಕೈಗೆ ಬಂದಾಗ ಎಲ್ಲರೂ ಮೊದಲು ಮಾಡುವ ಕೆಲಸವೆಂದರೆ ಕಿಕ್ಕರನ್ನು ಬಲವಾಗಿ ತುಳಿಯುವುದು. ಮಾಡಬಾರದ ಕೆಲಸವೂ ಅದೇ. ಕಾರಣವನ್ನು ನೋಡೋಣ.

ಜಾವಾದ ಇಂಜಿನ್ನು ಎರಡು ಹೊಡೆತದ್ದು. 65 ಮಿಲಿಮೀಟರು ಒಳವ್ಯಾಸವುಳ್ಳ ಎರಕದ ಕಬ್ಬಿಣದ ಸಿಲಿಂಡರಿನಲ್ಲಿ ಅಲ್ಯೂಮಿನಿಯಮ್ ಪಿಸ್ಟನ್ನು 75 ಮಿಲಿಮೀಟರು ಮೇಲೆ ಕೆಳಗೆ ಚಲಿಸುತ್ತದೆ. ಇದರಲ್ಲಿ ಕವಾಟಗಳಿಲ್ಲ, ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಕಿಂಡಿ ತೆರೆದ ಸ್ಥಿತಿಯಲ್ಲಿ ಗಾಡಿ ನಿಂತುಬಿಟ್ಟರೆ, ಮಳೆಗಾಲದ ತೇವವೆಲ್ಲ ಹೊಗೆಕೊಳವೆಯ ಮೂಲಕ ಒಳಸೇರುತ್ತದೆ. ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಸೇರಿ ತುಕ್ಕಾಗುವಾಗ ಅದರ ಗಾತ್ರವು ಮೊದಲಿನ ಎರಡರಷ್ಟಕ್ಕೂ ಮಿಗಿಲಾಗುತ್ತದೆ. ಕೂದಲೆಳೆಯಷ್ಟು ತೆರಪಿನಲ್ಲಿ ಹೀಗೆ ಉಬ್ಬಿದ ತುಕ್ಕು ಪಿಸ್ಟನ್ನಿಗೆ ಬೆಣೆ ಬಡಿದಂತೆ ಕೂರುತ್ತದೆ. ಆಗ ಕಿಕ್ಕರನ್ನು ತುಳಿದರೆ ಪೆಡಸಾದ ಉಂಗುರಗಳು ಮುರಿದು, ಆ ಚೂರುಗಳು ಸಿಲಿಂಡರಿನ ಗೋಡೆಯನ್ನು ಗೀರುತ್ತವೆ.

ಎರಡು ಹೊಡೆತದ ಇಂಜಿನ್ನಿನ ಒಂದು ಅನುಕೂಲವನ್ನು ಇಲ್ಲಿ ಬಳಸಿಕೊಳ್ಳಬೇಕು. ಹೊಗೆಕೊಳವೆಗಳನ್ನು ಬಿಚ್ಚಿ ಟಾರ್ಚು ಹಿಡಿದರೆ, ಇಂಜಿನ್ನನ್ನು ತೆರೆಯದೆಯೇ ಕಿಂಡಿಯಿಂದ ಪಿಸ್ಟನ್ನಿನ ಮೈ ಕಾಣುತ್ತದೆ. ತುಕ್ಕಿನ ಕಲೆ ಕಂಡರೆ ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದಲೂ ಕಿಂಡಿಯಿಂದಲೂ ಡೀಸೆಲ್ ಬೆರೆಸಿದ ತೆಳುವಾದ ಎಣ್ಣೆಯನ್ನು ಬಿಡಿ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ ಇದೂ ಸಂದಿಗಳಲ್ಲಿ ತಾನಾಗಿ ಹರಡುತ್ತದೆ. ಆದರೆ ದಿನಗಳು ಹಿಡಿಯುತ್ತವೆ, ಕೆಲವೊಮ್ಮೆ ವಾರಗಳು. ಬಳಿಕ ಗಾಡಿಯನ್ನು ಮೇಲಿನ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ಮುಂದಕ್ಕೂ ಹಿಂದಕ್ಕೂ ಮೆಲ್ಲನೆ ಅಲುಗಿಸಿ. ಬೆಂಕಿ ತೋರುವವರೂ ಉಂಟು. ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಎರಡೂ ಒಟ್ಟಿಗೆ ಕಾದರೆ ಬಿಗಿ ಹೆಚ್ಚುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಒಳಗಿರುವ ಎಣ್ಣೆ ಹೊತ್ತಿಕೊಳ್ಳುವ ಭಯ ಬೇರೆ.

ಎಣ್ಣೆ ನೆನೆಯುವ ದಿನಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಕಡೆ ಗಮನ ಕೊಡಬಹುದು. ಅದರಲ್ಲಿ ಪೆಟ್ರೋಲಿನ ವಾಸನೆಯೂ ಉಳಿಯದಂತೆ ಹಲವು ಬಾರಿ ತೊಳೆದು, ಒಗೆಯುವ ಸೋಡಾ ಕರಗಿಸಿದ ನೀರನ್ನು ತುಂಬಬೇಕು. ಒಳಗೆ ಟ್ಯಾಂಕಿಗೆ ತಾಗದಂತೆ ಸಾದಾ ಕಬ್ಬಿಣದ ಸರಳೊಂದನ್ನು ತೂಗುಬಿಟ್ಟು, ಬ್ಯಾಟರಿ ಚಾರ್ಜರಿನ ಧನ ತಂತಿಯನ್ನು ಸರಳಿಗೂ ಋಣ ತಂತಿಯನ್ನು ಟ್ಯಾಂಕಿಗೂ ಜೋಡಿಸಿದರೆ ತುಕ್ಕು ಸಡಿಲವಾಗಿ ಉದುರುತ್ತದೆ. ಸ್ಟೇನ್‌ಲೆಸ್ ಉಕ್ಕಿನ ಸರಳು ಸಲ್ಲದು. ಅದರಿಂದ ವಿಷಕಾರಿಯಾದ ಕ್ರೋಮಿಯಮ್ ಲವಣಗಳು ನೀರಿಗೆ ಇಳಿಯುತ್ತವೆ. ಈ ಕ್ರಿಯೆಯಲ್ಲಿ ಜಲಜನಕ ಹೊರಡುವುದರಿಂದ ಕೆಲಸವನ್ನು ಬಯಲಿನಲ್ಲಿಯೇ, ಕಿಡಿಯಿಂದ ದೂರವಾಗಿ ನಡೆಸತಕ್ಕದ್ದು.

ಟ್ಯಾಂಕಿನ ಹೊರಮೈಯನ್ನು ಮಾತ್ರ ಅವಸರದಿಂದ ಉಜ್ಜಬೇಡಿ. ಮಾಸಿದ್ದರೂ ಕಾರ್ಖಾನೆಯ ಬಣ್ಣ ಒಮ್ಮೆ ಹೋದರೆ ಮರಳಿ ಬಾರದು. ಥಳಥಳಿಸುವ ಹೊಸ ಕ್ರೋಮಿಗಿಂತ ಮಂಕಾದ ಹಳೆಯದೇ ಈ ಲೇಖಕನ ಕಣ್ಣಿಗೆ ಹಿತ. ಕಾನೂನಿಗೂ ಮೂಲರೂಪವೇ ಬೇಕು: 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, 50 ವರ್ಷ ಮೀರಿದ ಗಾಡಿಯು ವಿಂಟೇಜ್ ಎಂದು ನೋಂದಣಿಯಾಗಲು ಅದರ ಚಾಸಿಯಲ್ಲಾಗಲಿ ಇಂಜಿನ್ನಿನಲ್ಲಾಗಲಿ ದೊಡ್ಡ ಮಾರ್ಪಾಡು ಆಗಿರಬಾರದು. ಆದುದರಿಂದ ಬಿಚ್ಚುವ ಮುನ್ನವೇ ಎರಡರ ಸಂಖ್ಯೆಗಳನ್ನೂ ನೋಂದಣಿ ಪತ್ರದೊಡನೆ ತಾಳೆ ನೋಡಿ, ಪ್ರತಿ ಭಾಗದ ಛಾಯಾಚಿತ್ರ ತೆಗೆದಿಡುವುದು ಲೇಸು.

ಪಿಸ್ಟನ್ನು ಅಲುಗಿತೆಂದು ಹಿಗ್ಗಿ ಅಂದೇ ಇಂಜಿನ್ನನ್ನು ಚಾಲೂ ಮಾಡಲು ಹೋಗಬಾರದು. ಸಿಲಿಂಡರನ್ನು ಎತ್ತಿ, ಗೋಡೆಯನ್ನೂ ಉಂಗುರಗಳನ್ನೂ ಪರೀಕ್ಷಿಸಬೇಕು. ಕ್ರ್ಯಾಂಕಿನ ಎರಡು ಬದಿಯ ಎಣ್ಣೆ ಸೀಲುಗಳನ್ನಂತೂ ಬದಲಿಸಲೇಬೇಕು. ಈ ಬಗೆಯ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಪೆಟ್ಟಿಗೆಯೇ ಪೆಟ್ರೋಲು ಬೆರೆತ ಗಾಳಿಯನ್ನು ತಳ್ಳುವ ಪಂಪು. ಒಣಗಿ ಬಿರಿದ ಸೀಲಿನಿಂದ ಹೊರಗಾಳಿ ನುಸುಳಿದರೆ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ನು ಮಿತಿಮೀರಿ ಕಾಯುತ್ತದೆ. ವಾರಗಟ್ಟಲೆ ಕಾದು ಬಿಡಿಸಿದ ಪಿಸ್ಟನ್ನು ಮೊದಲ ಸವಾರಿಯಲ್ಲೇ ಮತ್ತೆ ಕಚ್ಚಿಕೊಳ್ಳುತ್ತದೆ.