ನೀರಿನ ನಡುವಣ ದೀಪ

ಅಮೇರಿಕ ಸಂಯುಕ್ತ ಸಂಸ್ಥಾನಗಳ ಊರೂರುಗಳಲ್ಲಿ ಜನರು ತಮ್ಮ ಕಾರುಗಳನ್ನು ತಾವೇ ತೊಳೆದುಕೊಳ್ಳುವ ಸ್ಥಳಗಳಿವೆ. ಮೇಲೆ ಛಾವಣಿ, ಎರಡು ಪಕ್ಕಗಳಲ್ಲಿ ಗೋಡೆ, ಹಿಂದು ಮುಂದು ಬಯಲು. ಇಂಥ ಅಂಕಣಗಳು ನಾಲ್ಕೋ ಆರೋ ಸಾಲಾಗಿ ನಿಂತಿರುತ್ತವೆ. ಕಾರನ್ನು ಒಳಗೆ ನಿಲ್ಲಿಸಿ ಗೋಡೆಯ ಪೆಟ್ಟಿಗೆಗೆ ಹಣ ಹಾಕಿದರೆ ಕೆಲವು ನಿಮಿಷಗಳ ಕಾಲ ಕೊಳವೆಯಿಂದ ಸಬೂನಿನ ನೀರೂ ಬಳಿಕ ತಿಳಿನೀರೂ ರಭಸದಿಂದ ಹೊಮ್ಮುತ್ತವೆ. ಅನೇಕ ಕಡೆ ಇವು ಹಗಲಿರುಳೂ ತೆರೆದಿರುತ್ತವೆ. ರಾತ್ರಿಯ ವೇಳೆ ನೋಡಿಕೊಳ್ಳುವ ಆಳು ಸಹ ಇರುವುದಿಲ್ಲ. ಒದ್ದೆ ನೆಲದ ಮೇಲೆ ಒಂಟಿಯಾಗಿ ನಿಂತು ಕಾರು ತೊಳೆಯುವವರಿಗೆ ಅಲ್ಲಿ ದೀಪವೇ ದಿಕ್ಕು. ಈ ಅಂಕಣಗಳ ಹಳೆಯ ದೀಪಗಳನ್ನು ಕಳಚಿ ಎಲ್‌ಇಡಿ ದೀಪಗಳನ್ನು ತೊಡಿಸುವ ಕೆಲಸ ಈಚಿನ ವರ್ಷಗಳಲ್ಲಿ ಭರದಿಂದ ಸಾಗಿದೆ. ಬುರುಡೆ ಬದಲಾಯಿಸುವುದರಲ್ಲಿ ವಿಜ್ಞಾನವೇನು ಬಂತು ಎಂದು ಓದುಗರು ಕೇಳಬಹುದು. ಸ್ವಲ್ಪ ಒಳಹೊಕ್ಕು ನೋಡೋಣ.

ಹಳೆಯ ದೀಪಗಳಲ್ಲಿ ಬಹುಪಾಲು ಮೆಟಲ್ ಹ್ಯಾಲೈಡ್ ಜಾತಿಯವು. ಇವು 1960ರ ದಶಕದಲ್ಲಿ ಬಳಕೆಗೆ ಬಂದವು. ಸ್ಫಟಿಕದ ಪುಟ್ಟ ಕೊಳವೆಯೊಂದರಲ್ಲಿ ಪಾದರಸವನ್ನೂ ಸೋಡಿಯಂ, ಸ್ಕ್ಯಾಂಡಿಯಂ ಮೊದಲಾದ ಲೋಹಗಳ ಅಯೊಡೈಡುಗಳನ್ನೂ ಇಟ್ಟು, ಅದರಲ್ಲಿ ವಿದ್ಯುತ್ತಿನ ಜ್ವಾಲೆಯನ್ನು ಹಾಯಿಸುತ್ತಾರೆ. ಪಾದರಸವೊಂದೇ ಇದ್ದರೆ ಬೆಳಕು ಹಸುರು-ನೀಲಿಯಾಗಿ, ಮನುಷ್ಯನ ಮುಖ ಹೆಣದ ಮುಖದಂತೆ ಕಾಣುತ್ತದೆ. ಇತರ ಲೋಹಗಳು ಆ ಕೊರತೆಯನ್ನು ತುಂಬುತ್ತವೆ. ಆದರೆ ತಣ್ಣಗಿರುವಾಗ ಪಾದರಸ ಬರಿಯ ಹನಿಯಾಗಿ ಕುಳಿತಿರುತ್ತದೆ. ಅದು ಕಾದು ಆವಿಯಾಗಿ ಬೆಳಕು ಪೂರ್ಣಕ್ಕೆ ಬರಲು ಕೆಲವು ನಿಮಿಷಗಳು ಬೇಕು. ಉರಿಯುತ್ತಿರುವ ದೀಪ ಆರಿಹೋದರಂತೂ ಇನ್ನೂ ತೊಡಕು. ಕೊಳವೆಯೊಳಗೆ ಆವಿಯ ಒತ್ತಡ ಆಗ ಹಲವು ವಾಯುಭಾರಗಳಷ್ಟಿರುವುದರಿಂದ ಸಾಧಾರಣ ವಿದ್ಯುತ್ತು ಅದನ್ನು ಭೇದಿಸಿ ಮತ್ತೆ ಜ್ವಾಲೆ ಹೊತ್ತಿಸಲಾರದು. ಅದು ತಣಿಯಲೇಬೇಕು. ಇದಕ್ಕೆ ಹತ್ತು ನಿಮಿಷಗಳಾದರೂ ಆಶ್ಚರ್ಯವಿಲ್ಲ.

2013ರ ಫೆಬ್ರವರಿ 3ರಂದು ನ್ಯೂ ಆರ್ಲಿಯನ್ಸ್ ನಗರದ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಅಮೇರಿಕದ ಫುಟ್‌ಬಾಲಿನ ಅಂತಿಮ ಪಂದ್ಯ ನಡೆಯುತ್ತಿದ್ದಾಗ ವಿದ್ಯುತ್ತು ಕಡಿದು ಆಟ 34 ನಿಮಿಷ ನಿಂತುಹೋಯಿತು. ವಿದ್ಯುತ್ತು ಮರಳಿದ ಮೇಲೂ ಈ ಜಾತಿಯ ದೀಪಗಳು ಮತ್ತೆ ಬೆಳಗುವವರೆಗೆ ಎಲ್ಲರೂ ಕಾದಿರಬೇಕಾಯಿತು. ಅಲ್ಲಿಯಾದರೋ ಸಾವಿರಾರು ಜನರಿದ್ದರು. ನಡುರಾತ್ರಿಯಲ್ಲಿ ಕಾರು ತೊಳೆಯುತ್ತಿರುವ ಒಬ್ಬಂಟಿಗೆ ಅಷ್ಟು ಹೊತ್ತು ಕತ್ತಲೆ ಕವಿದರೆ ಅದು ಬರಿಯ ಬೇಸರದ ಮಾತಲ್ಲ.

ಎಲ್‌ಇಡಿಯಲ್ಲಿ ಕಾಯಿಸುವ ಗೊಡವೆಯೇ ಇಲ್ಲ. ಗ್ಯಾಲಿಯಂ ನೈಟ್ರೈಡು ಮೊದಲಾದವುಗಳಿಂದಾದ ಅರೆವಾಹಕದ ಸಣ್ಣ ಚೂರಿನಲ್ಲಿ ವಿದ್ಯುತ್ತು ಹರಿದ ಕ್ಷಣವೇ ನೀಲಿ ಬೆಳಕು ಹೊಮ್ಮುತ್ತದೆ. ಮೇಲೆ ಬಳಿದ ಪುಡಿಯೊಂದು ಅದರಲ್ಲಿ ಒಂದು ಪಾಲನ್ನು ಹೀರಿ ಹಳದಿಯಾಗಿ ಬಿಡುತ್ತದೆ. ಎರಡೂ ಬೆರೆತು ಕಣ್ಣಿಗೆ ಬಿಳುಪು. ಈ ನೀಲಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ದೀಪವನ್ನು ಎಲ್ಲಿಡಬೇಕು ಎಂಬುದೂ ಒಂದು ಪ್ರಶ್ನೆ. ಛಾವಣಿಯ ನಟ್ಟನಡುವೆ ಒಂದೇ ದೀಪ ತೂಗಿದರೆ ಕಾರಿನ ನೆತ್ತಿ ಥಳಥಳಿಸುತ್ತದೆ; ಕೆಸರು ಮೆತ್ತಿರುವ ಬಾಗಿಲು, ಚಕ್ರಗಳು ನೆರಳಿನಲ್ಲಿ ಉಳಿಯುತ್ತವೆ. ಮೇಲಾಗಿ ಒದ್ದೆಯಾದ ಬಣ್ಣ ಕನ್ನಡಿಯಿದ್ದಂತೆ: ದೀಪದ ಪ್ರತಿಬಿಂಬ ಕಣ್ಣು ಕೋರೈಸುತ್ತದೆ, ಕೊಳೆ ಕಾಣಿಸುವುದಿಲ್ಲ. ಆದಕಾರಣ ಉದ್ದನೆಯ ದೀಪಗಳನ್ನು ಎರಡೂ ಗೋಡೆಗಳ ನೆತ್ತಿಯಲ್ಲಿ ಸಾಲಾಗಿ ಹಾಕಿ, ಗೋಡೆಗೆ ಬಿಳಿಯ ಬಣ್ಣ ಬಳಿಯುವುದು ಮೇಲು. ಬಿಳಿಯ ಗೋಡೆ ಬೆಳಕನ್ನು ಚದುರಿಸಿ ಪಕ್ಕಗಳಿಗೂ ಹಂಚುತ್ತದೆ.

ಇನ್ನು ನೀರಿನ ವಿಚಾರ. ನಮ್ಮ ದೃಷ್ಟಿಯಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಇದೇ. ಬಿಗಿಯಾಗಿ ಮುಚ್ಚಿದ ದೀಪವೂ ಉಸಿರಾಡುತ್ತದೆ! ಅದರೊಳಗಿನ ಗಾಳಿ 60 ಡಿಗ್ರಿ ಸೆಂಟಿಗ್ರೇಡಿಗೆ ಕಾದಿದೆ ಎನ್ನಿ. ಅದರ ಮೇಲೆ ತಣ್ಣೀರು ಎರಚಿ ಉಷ್ಣತೆ 15 ಡಿಗ್ರಿಗೆ ಇಳಿಯಿತು. ನಿರಪೇಕ್ಷ ಮಾನದಲ್ಲಿ ಇದು 333ರಿಂದ 288ಕ್ಕೆ ಇಳಿದಂತೆ. ಒಳಗಿನ ಒತ್ತಡ ಏಳನೆಯ ಒಂದು ಪಾಲಿನಷ್ಟು ಕುಗ್ಗುತ್ತದೆ. ಆಗ ಹೊರಗಿನ ವಾಯುಭಾರ ರಬ್ಬರಿನ ಬಿಗಿಪಟ್ಟಿಯ ಸಂದುಗಳಿಂದ ನೀರನ್ನು ಒಳಕ್ಕೆ ನೂಕುತ್ತದೆ. ಆ ನೀರಿನಲ್ಲಿ ಸಬೂನು ಬೇರೆ ಇದೆ. ಸಬೂನು ನೀರಿನ ಮೇಲ್ಮೈಯ ಬಿಗಿತವನ್ನು ತಗ್ಗಿಸುವುದರಿಂದ, ತಿಳಿನೀರು ನುಸುಳದ ಬಿರುಕಿನಲ್ಲಿಯೂ ಅದು ನುಸುಳೀತು.

ದೀಪದ ಪೆಟ್ಟಿಗೆಯ ಮೇಲೆ ಐಪಿ 66 ಎಂಬ ಗುರುತನ್ನು ಓದುಗರು ಕಂಡಿರಬಹುದು. ಮೊದಲನೆಯ ಅಂಕ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. 12.5 ಮಿಲಿಮೀಟರ್ ಬಾಯಿಯ ಕೊಳವೆಯಿಂದ ನಿಮಿಷಕ್ಕೆ 100 ಲೀಟರಿನಂತೆ ನೀರೆರಚಿದರೂ ಹಾನಿಯಾಗದು ಎಂದು ಇದರ ಅರ್ಥ. ಆ ಪರೀಕ್ಷೆಯ ನೀರು ತಿಳಿನೀರು; ಅದರ ಒತ್ತಡ ಸುಮಾರು ಒಂದು ವಾಯುಭಾರ. ಕಾರು ತೊಳೆಯುವ ಕೊಳವೆಯದಾದರೋ 70 ವಾಯುಭಾರಗಳ ಆಸುಪಾಸಿನದು! ದೀಪ ಎತ್ತರದಲ್ಲಿರುವುದರಿಂದ ಧಾರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಚದುರಿಹೋಗುತ್ತದೆ. ಆದರೂ ತುಂಟ ಹುಡುಗನೊಬ್ಬ ಕೊಳವೆಯನ್ನು ಮೇಲಕ್ಕೆ ಗುರಿಯಿಟ್ಟಾನು ಎಂಬುದನ್ನು ಯಂತ್ರಶಿಲ್ಪಿ ಮರೆಯಲಾಗದು. ಒಳ್ಳೆಯ ದೀಪಗಳಲ್ಲಿ ಗಾಳಿಗೆ ದಾರಿಕೊಟ್ಟು ನೀರಿನ ಹನಿಯನ್ನು ತಡೆಯುವ ಸೂಕ್ಷ್ಮರಂಧ್ರದ ಪೊರೆಯನ್ನು ಅಳವಡಿಸಿರುತ್ತಾರೆ. ಉಸಿರಾಟ ಆ ಪೊರೆಯ ಮೂಲಕ ನಡೆದು, ಬಿಗಿಪಟ್ಟಿಯ ಮೇಲಿನ ಸೆಳೆತ ತಪ್ಪುತ್ತದೆ.

ಕೆಲವು ಮಾಲೀಕರು ಹಳೆಯ ಗೂಡನ್ನೇ ಉಳಿಸಿಕೊಂಡು ಅದರೊಳಗೆ ಎಲ್‌ಇಡಿ ಬುರುಡೆಯನ್ನು ತಿರುಗಿಸಿಬಿಡುತ್ತಾರೆ. ಇದು ಹುಸಿ ಉಳಿತಾಯವೆಂದು ನಮ್ಮ ಅಭಿಪ್ರಾಯ. ಎಲ್‌ಇಡಿಯ ಚೂರು ತಣ್ಣಗಿದ್ದಷ್ಟೂ ದೀರ್ಘಾಯು. ಮುಚ್ಚಿದ ಗೂಡಿನಲ್ಲಿ ಶಾಖ ಹೊರಹೋಗಲಾರದೆ, ಮೊದಲು ಅದರ ವಿದ್ಯುತ್ತನ್ನು ಹದಗೊಳಿಸುವ ಮಂಡಲವೂ ಬಳಿಕ ಚೂರೂ ಸೊರಗುತ್ತವೆ. ಸವೆದ ಹಳೆಯ ಬಿಗಿಪಟ್ಟಿಯಂತೂ ಹಾಗೆಯೇ ಉಳಿಯಿತು.

ವೆಚ್ಚದ ಲೆಕ್ಕ ಸುಲಭ. 250 ವಾಟಿನ ಹಳೆಯ ದೀಪ ತನ್ನ ಚೋಕಿನೊಡನೆ ಸುಮಾರು 290 ವಾಟು ನುಂಗುತ್ತದೆ. ನಾಲ್ಕು ಅಂಕಣಗಳಲ್ಲಿ ಎಂಟು ದೀಪಗಳು ರಾತ್ರಿಗೆ ಹತ್ತು ಗಂಟೆ ಉರಿದರೆ 23 ಯೂನಿಟ್ಟಿಗೂ ಹೆಚ್ಚು. ಅವುಗಳ ಜಾಗದಲ್ಲಿ 100 ವಾಟಿನ ಎಲ್‌ಇಡಿಗಳಿದ್ದರೆ 8 ಯೂನಿಟ್ಟು ಸಾಕು. ವರ್ಷಕ್ಕೆ ಐದೂವರೆ ಸಾವಿರ ಯೂನಿಟ್ಟುಗಳ ಉಳಿತಾಯ. ಕಾರಿಲ್ಲದ ಹೊತ್ತಿನಲ್ಲಿ ಬೆಳಕನ್ನು ತಗ್ಗಿಸಿ, ಕಾರು ಒಳಬರುತ್ತಲೇ ಪೂರ್ಣವಾಗಿ ಬೆಳಗಿಸುವ ಚಲನಸೂಚಕವನ್ನು ಜೋಡಿಸಿದರೆ ಇನ್ನಷ್ಟು ಉಳಿಯುತ್ತದೆ. ಹಳೆಯ ದೀಪಕ್ಕೆ ಈ ಉಪಾಯ ಹೊಂದುತ್ತಿರಲಿಲ್ಲ. ಅದು ಪೂರ್ಣವಾಗಿ ಬೆಳಗುವಷ್ಟರಲ್ಲಿ ಕಾರಿನವರು ಅರ್ಧ ಕೆಲಸ ಮುಗಿಸಿರುತ್ತಿದ್ದರು.