ಅಣಕು ಸಂಸತ್ತು ಕಾಲೇಜಿಗೆ ಬಂದ ದಾರಿ

1962ರಲ್ಲಿ ಮುಂಬಯಿಯಲ್ಲಿ ನಾಲ್ಕನೆಯ ಅಖಿಲ ಭಾರತ ಸಚೇತಕರ ಸಮ್ಮೇಳನ ಸೇರಿತ್ತು. ಪಕ್ಷದ ಸದಸ್ಯರ ತಲೆ ಎಣಿಸುವುದು, ಮತಕ್ಕೆ ಹಾಕುವ ಹೊತ್ತಿಗೆ ಎಲ್ಲರನ್ನೂ ಸದನದೊಳಗೆ ಕರೆತರುವುದು, ಯಾರು ಯಾವಾಗ ಮಾತಾಡಬೇಕೆಂದು ಹೊಂದಿಸುವುದು ಸಚೇತಕರ ನಿತ್ಯದ ಕೆಲಸ. ಅಂಥವರ ಸಭೆಯಿಂದ ಒಂದು ಶಿಫಾರಸು ಹೊರಟಿತು: ದೇಶದ ವಿದ್ಯಾಸಂಸ್ಥೆಗಳಲ್ಲಿ, ಪಂಚಾಯಿತಿಗಳಲ್ಲಿ ಅಣಕು ಸಂಸತ್ತು ನಡೆಸಲು ಸರ್ಕಾರ ಉತ್ತೇಜನ ಕೊಡಬೇಕು. ಆ ವೇಳೆಗೆ ದೇಶ ಮೂರು ಸಾರ್ವತ್ರಿಕ ಚುನಾವಣೆ ಕಂಡಿತ್ತು. ಓಟು ಹಾಕುವುದು ಜನರಿಗೆ ರೂಢಿಯಾಗಿತ್ತು. ಗೆದ್ದು ಹೋದವರು ದಿಲ್ಲಿಯಲ್ಲಿ ಕೂತು ಏನು ಮಾಡುತ್ತಾರೆ ಎಂಬುದು ಮಾತ್ರ ಹೆಚ್ಚಿನವರ ಕಣ್ಣಿಗೆ ಬಿದ್ದಿರಲಿಲ್ಲ. ಕಲಾಪವನ್ನು ಟೀವಿಯಲ್ಲಿ ನೋಡುವ ಕಾಲವೂ ಅದಲ್ಲ.

ಆ ಶಿಫಾರಸನ್ನು ಹಿಡಿದು ಕೇಂದ್ರದ ಸಂಸದೀಯ ವ್ಯವಹಾರಗಳ ಇಲಾಖೆ 1966-67ರಲ್ಲಿ ದಿಲ್ಲಿಯ ಶಾಲೆಗಳಲ್ಲಿ ಯುವ ಸಂಸತ್ ಎಂಬ ಹೆಸರಿನ ಅಣಕು ಸಂಸತ್ತಿನ ಸ್ಪರ್ಧೆ ಶುರು ಮಾಡಿತು. 1988ರಲ್ಲಿ ಅದು ದೇಶದ ಕೇಂದ್ರೀಯ ವಿದ್ಯಾಲಯಗಳಿಗೆ ಹರಡಿತು. ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಸರದಿ ಬಂದದ್ದು 1997-98ರಲ್ಲಿ. ರಾಜ್ಯಶಾಸ್ತ್ರವನ್ನು ವಿಷಯವಾಗಿ ಆರಿಸಿಕೊಂಡು ಓದುವವರ ಹತ್ತಿರ ಬರಲು ಶಿಫಾರಸಿಗೆ 35 ವರ್ಷ ಹಿಡಿಯಿತು. ಅಷ್ಟರಲ್ಲಿ ನಮ್ಮ ತರಗತಿಗಳಲ್ಲಿ ನೋಟ್ಸ್ ಬರೆಸುವ ಪದ್ಧತಿ ಗಟ್ಟಿಯಾಗಿ ಬೇರು ಬಿಟ್ಟಿತ್ತು. ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಬರೆಯುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ಒಪ್ಪಿಸುತ್ತಾರೆ. ಸಂಸತ್ತಿನ ರಚನೆ ಐದು ಅಂಕದ ಪ್ರಶ್ನೆ, ಅಧಿಕಾರ ಮತ್ತು ಕಾರ್ಯಗಳು ಹತ್ತು ಅಂಕದ ಪ್ರಶ್ನೆ. ಅತ್ತ 2019ರ ನವೆಂಬರ್ 26ರ ಸಂವಿಧಾನ ದಿನದಂದು ಯುವ ಸಂಸತ್ತಿಗೆ ಒಂದು ಜಾಲತಾಣವೂ ಬಂತು. ನಮ್ಮ ರಾಜ್ಯದ ಸಂಸದೀಯ ವ್ಯವಹಾರಗಳ ಇಲಾಖೆಯೂ ಯುವ ಸಂಸತ್ ಸ್ಪರ್ಧೆಗಳನ್ನು ನಡೆಸುತ್ತ ಬಂದಿದೆ.

ಪದವಿ ತರಗತಿಗೆ ಪಾಠ ಮಾಡುವ ನನಗೆ ಅಣಕು ಸಂಸತ್ತಿನ ಮೂಲಕ ಕಲಿಸುವ ವಿಧಾನದ ಮೇಲೆ ದೊಡ್ಡ ನಂಬಿಕೆ. ಆ ನಂಬಿಕೆ ಹುಟ್ಟಿದ್ದು ಸ್ಪರ್ಧೆಯ ವೇದಿಕೆಯ ಮೇಲಲ್ಲ, ಅಭ್ಯಾಸದ ಒಂದು ಮಧ್ಯಾಹ್ನ. ಬೆಂಚುಗಳನ್ನು ಕುದುರೆಲಾಳದ ಹಾಗೆ ತಿರುಗಿಸಿದ್ದೆವು. ಎರಡನೆಯ ವರ್ಷದ ಬಿ.ಎ. ಹುಡುಗನೊಬ್ಬ ಮಂತ್ರಿ. ವಿದ್ಯಾರ್ಥಿವೇತನ ತಡವಾಗುತ್ತಿರುವುದೇಕೆ ಎಂಬ ಚುಕ್ಕೆ ಗುರುತಿನ, ಅಂದರೆ ಸದನದಲ್ಲಿ ಬಾಯಿಮಾತಿನ ಉತ್ತರ ಬೇಡುವ, ಪ್ರಶ್ನೆಗೆ ಕೈಲಿದ್ದ ಹಾಳೆ ನೋಡಿ ಉತ್ತರ ಓದಿದ. ಬಾಯಿಪಾಠ ಮಾಡಿದ್ದ ಪೂರಕ ಪ್ರಶ್ನೆ ಒಂದು ಬಂತು, ಅದಕ್ಕೂ ಹಾಳೆಯಲ್ಲಿ ಉತ್ತರವಿತ್ತು. ಆಗ ಕೊನೆಯ ಬೆಂಚಿನಿಂದ, ಪಾತ್ರವೇ ಇಲ್ಲದ ಹುಡುಗಿಯೊಬ್ಬಳು ಎದ್ದು ನಿಂತಳು. ‘ಮಾನ್ಯ ಸಭಾಧ್ಯಕ್ಷರೇ, ಅರ್ಜಿಗಳು ವಿಲೇವಾರಿ ಆಗ್ತಿವೆ ಅಂತ ಸಚಿವರು ಹೇಳಿದ್ರು. ಆಧಾರ್ ಜೋಡಣೆ ಆಗಿಲ್ಲ ಅಂತ ವಾಪಸ್ ಬಂದ ಅರ್ಜಿ ಎಷ್ಟು?’

ಮಂತ್ರಿ ಹಾಳೆ ತಿರುಗಿಸಿದ. ಅದರಲ್ಲಿರಲಿಲ್ಲ. ನನ್ನ ಮುಖ ನೋಡಿದ, ನಾನು ಸುಮ್ಮನಿದ್ದೆ. ಕೊನೆಗೆ, ‘ಆ ಮಾಹಿತಿ ಈಗ ನನ್ನ ಹತ್ತಿರ ಇಲ್ಲ. ತರಿಸಿ ಸದನದ ಮುಂದೆ ಇಡ್ತೀನಿ’ ಅಂದ. ‘ಯಾವತ್ತು?’ ಅಂದಳು ಆಕೆ. ತರಗತಿಯೆಲ್ಲ ಬೆಂಚು ಕುಟ್ಟಿತು.

ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ ಎನ್ನುವ 75(3)ನೆಯ ವಿಧಿಯನ್ನು ಆ ಹುಡುಗ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದ. ಹೊಣೆ ಎಂದರೆ ಕಿವಿ ಬಿಸಿಯಾಗುತ್ತದೆ, ನಾಲಿಗೆ ಒಣಗುತ್ತದೆ ಎಂದು ಅವನಿಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಮರುದಿನ ಇಬ್ಬರೂ ಕಾಲೇಜಿನ ಕಚೇರಿಗೆ ಹೋಗಿ, ವಿದ್ಯಾರ್ಥಿವೇತನದ ರಿಜಿಸ್ಟರ್ ತೋರಿಸಿ ಎಂದು ಕೇಳಿದರು. ಮಾಹಿತಿ ಯಾವ ಮೇಜಿನ ಮೇಲೆ ಹುಟ್ಟುತ್ತದೆ, ಎಷ್ಟು ಮೇಜು ದಾಟಿ ಮಂತ್ರಿಯ ಬಾಯಿಗೆ ಬರುತ್ತದೆ ಎಂಬುದು ಅವರಿಗೆ ತಿಳಿದದ್ದು ಹೀಗೆ.

ಅಂಥ ಪೂರಕ ಪ್ರಶ್ನೆ ಕೇಳುವ ಹಕ್ಕು ಈ ದೇಶಕ್ಕೆ ಸುಲಭವಾಗಿ ದಕ್ಕಿದ್ದಲ್ಲ. 1892ರ ಭಾರತೀಯ ಪರಿಷತ್ತುಗಳ ಕಾಯ್ದೆ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ಕೊಟ್ಟಿತು, ಉತ್ತರದ ಮೇಲೆ ಮತ್ತೆ ಕೇಳುವಂತಿರಲಿಲ್ಲ. ಸರ್ಕಾರ ಏನು ಹೇಳಿದರೂ ಕೇಳಿಸಿಕೊಂಡು ಕೂರಬೇಕು. 1909ರಲ್ಲಿ ಮಿಂಟೋ-ಮಾರ್ಲೆ ಸುಧಾರಣೆ ಬಂದಾಗ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ ಪೂರಕ ಪ್ರಶ್ನೆ ಕೇಳುವ ಹಕ್ಕು ಸಿಕ್ಕಿತು. ಯಾವ ಸದಸ್ಯರಾದರೂ ಎದ್ದು ಕೇಳಬಹುದು ಎಂದಾದದ್ದು 1919ರ ಸುಧಾರಣೆಯಿಂದ ಈಚೆಗೆ. ನಮ್ಮ ಮೈಸೂರಿನ ಕಥೆಯೂ ಇಂಥದ್ದೇ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್‌ನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ದಸರೆಯ ಹೊತ್ತಿಗೆ ಬಂದ 144 ಪ್ರತಿನಿಧಿಗಳು ದಿವಾನರ ವರದಿ ಕೇಳಿದರು, ತಮ್ಮ ತಾಲ್ಲೂಕಿನ ಅಹವಾಲು ಹೇಳಿಕೊಂಡರು. ಕಾನೂನು ಮಾಡುವ ಅಧಿಕಾರ ಆ ಸಭೆಗಿರಲಿಲ್ಲ. ಆದರೂ ಸರ್ಕಾರವನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವ ಅಭ್ಯಾಸ ನಮ್ಮವರಿಗೆ ಅಲ್ಲಿ ಆಯಿತು. 1923ರಲ್ಲಿ ಅದಕ್ಕೆ ಶಾಸನದ ಬಲ ಬಂತು.

ಲೋಕಸಭೆಯಲ್ಲಿ ಇವತ್ತು ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಮೂಲ ಪ್ರಶ್ನೆಗೆ ಕನಿಷ್ಠ 15 ದಿನ ಮುಂಚೆ ಸೂಚನಾಪತ್ರ ಕೊಡಬೇಕು, ಹಾಗಾಗಿ ಉತ್ತರವನ್ನು ಅಧಿಕಾರಿಗಳು ಸಾವಕಾಶವಾಗಿ ಬರೆದು ಕೊಡಬಹುದು. ಪೂರಕ ಪ್ರಶ್ನೆಗೆ ಸೂಚನಾಪತ್ರ ಬೇಡ. ಮಂತ್ರಿಗೆ ತನ್ನ ಇಲಾಖೆ ಗೊತ್ತಿದೆಯೋ ಇಲ್ಲವೋ ಎಂಬುದು ತಿಳಿಯುವ ಜಾಗ ಅದು. ನಮ್ಮ ಅಣಕು ಸಂಸತ್ತಿನಲ್ಲಿ ಕೆಟ್ಟಿರುವುದೂ ಇದೇ ಭಾಗ. ಸ್ಪರ್ಧೆಗೆ ಸುಮಾರು ಒಂದು ಗಂಟೆಯ ಸಮಯ. ಶಿಸ್ತು, ಕಾರ್ಯವಿಧಾನ, ಪ್ರಶ್ನೆ-ಪೂರಕ ಪ್ರಶ್ನೆಗಳ ಆಯ್ಕೆ, ಉತ್ತರದ ಗುಣ, ಚರ್ಚೆ ಎಂದೆಲ್ಲ ಅಂಕ. ಬಹುಮಾನ ತಪ್ಪಬಾರದೆಂದು ಕಾಲೇಜುಗಳು ಎಲ್ಲವನ್ನೂ ಮೊದಲೇ ಬರೆದುಬಿಡುತ್ತವೆ. ವಿರೋಧ ಪಕ್ಷದವರು ಎಷ್ಟನೆಯ ನಿಮಿಷಕ್ಕೆ ಸಭಾತ್ಯಾಗ ಮಾಡಬೇಕು ಎಂಬುದೂ ನಿಗದಿ. ತಿಂಗಳುಗಟ್ಟಲೆ ದುಡಿದ ಮಕ್ಕಳು ನಾಟಕವನ್ನು ಚೆನ್ನಾಗಿ ಆಡುತ್ತಾರೆ. ಅವರಿಗೆ ಗೊತ್ತಿಲ್ಲದ ಪ್ರಶ್ನೆ ಮಾತ್ರ ಒಂದೂ ಎದುರಾಗುವುದಿಲ್ಲ.

ಇನ್ನೊಂದು ಕೊರತೆಯೂ ಇದೆ. ಆಳುವ ಪಕ್ಷದ ಸಾಲಿನಲ್ಲಿ ಕೂತ ಮಕ್ಕಳಿಗೆ ಮೇಜು ಕುಟ್ಟುವುದು ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ಅವರಿಗಾಗಿಯೇ ನಾನು ಮುಂದ್ರಾ ಪ್ರಕರಣವನ್ನು ತರಗತಿಗೆ ತರುತ್ತೇನೆ. ಸ್ಥಾಪನೆಯಾಗಿ ಒಂದು ವರ್ಷವೂ ತುಂಬದಿದ್ದ ಜೀವ ವಿಮಾ ನಿಗಮ, ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರುಗಳ ಮೇಲೆ 1.24 ಕೋಟಿ ರೂಪಾಯಿ ಹಾಕಿತ್ತು. 1957ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಅದರ ಬಗ್ಗೆ ಪ್ರಶ್ನೆ ಎತ್ತಿದವರು ರಾಮ್ ಸುಭಗ್ ಸಿಂಗ್. ಡಿಸೆಂಬರ್‌ನಲ್ಲಿ ದಾಖಲೆಗಳ ಸಮೇತ ಎದ್ದು ನಿಂತವರು ಫಿರೋಜ್ ಗಾಂಧಿ. ಇಬ್ಬರೂ ಆಳುವ ಕಾಂಗ್ರೆಸ್ಸಿನವರೇ. ಇದರ ತನಿಖೆಗೆ ನೇಮಕವಾದ ನ್ಯಾಯಮೂರ್ತಿ ಛಾಗ್ಲಾ ಆಯೋಗದ ವಿಚಾರಣೆ ಸಾರ್ವಜನಿಕರ ಎದುರಿನಲ್ಲೇ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಆ ದಿನಗಳ ಲೋಕಸಭೆಯ ನಡಾವಳಿಗಳು ಈಗ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಅರ್ಧ ತರಗತಿ ಆ ಪುಟಗಳನ್ನು ಓದಿ ಮಂತ್ರಿಯ ಪರ ಸಿದ್ಧವಾಗುತ್ತದೆ, ಉಳಿದರ್ಧ ಪ್ರಶ್ನೆ ಹುಡುಕುತ್ತದೆ. ಯಾರು ಏನು ಕೇಳುತ್ತಾರೆಂದು ನನಗೂ ಗೊತ್ತಿರುವುದಿಲ್ಲ. ಇಂಗ್ಲಿಷ್ ಪುಟಗಳನ್ನು ಮಕ್ಕಳೇ ಕನ್ನಡದಲ್ಲಿ ಅರ್ಥ ಮಾಡಿಕೊಂಡು ವಾದಿಸಬೇಕು. ಅದು ನಿಧಾನದ ಕೆಲಸ, ಒಂದು ವಾರದ ಪಾಠ ಹಿಂದೆ ಬೀಳುತ್ತದೆ. ಬೀಳಲಿ.

ಸ್ವಂತ ಪಕ್ಷದ ಸರ್ಕಾರವನ್ನು ಪ್ರಶ್ನಿಸುವುದು ಬೇರೆ, ಅದರ ವಿರುದ್ಧ ಮತ ಹಾಕುವುದು ಬೇರೆ. 1985ರಲ್ಲಿ ಪಕ್ಷಾಂತರ ನಿಷೇಧ ಬಂದ ಮೇಲೆ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿ ಮತ ಹಾಕಿದ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ತರಗತಿಯಲ್ಲಿ ಆ ಭಯ ಇಲ್ಲ. ಹಾಗಾಗಿ ಒಂದೇ ಮಸೂದೆಯನ್ನು ಎರಡು ಸಲ ಮತಕ್ಕೆ ಹಾಕಿಸಬಹುದು: ಮೊದಲ ಸಲ ವಿಪ್ ಹೊರಡಿಸಿ, ಎರಡನೆಯ ಸಲ ಹಿಂತೆಗೆದುಕೊಂಡು. ಎರಡೂ ಎಣಿಕೆಯನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದರೆ ಪಕ್ಷಾಂತರ ನಿಷೇಧದ ನಿಯಮಗಳಿರುವ ಸಂವಿಧಾನದ ಹತ್ತನೆಯ ಅನುಸೂಚಿಯ ಮೇಲೆ ಚರ್ಚೆ ತಾನಾಗಿಯೇ ಶುರುವಾಗುತ್ತದೆ.

ಸ್ಪರ್ಧೆ ನಡೆಸುವವರು ನಿಯಮದಲ್ಲಿ ಒಂದು ಸಾಲು ಬದಲಿಸಿದರೂ ಸಾಕು. ಚುಕ್ಕೆ ಗುರುತಿನ ಪ್ರಶ್ನೆಗಳನ್ನು ಕಾಲೇಜೇ ಆರಿಸಿಕೊಳ್ಳಲಿ. ಪೂರಕ ಪ್ರಶ್ನೆಗಳನ್ನು ಎದುರು ಸಾಲಿನಲ್ಲಿ ಕೂತ ಬೇರೆ ಕಾಲೇಜಿನ ಮಕ್ಕಳು ಕೇಳಲಿ. ‘ಮಾಹಿತಿ ನನ್ನ ಹತ್ತಿರ ಇಲ್ಲ’ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡ ಮಂತ್ರಿಗೆ ಅಂಕ ಕಳೆಯದಿರಲಿ.