ಬೀದಿನಾಯಿಗಳ ಚಿಕಿತ್ಸಾನಿಧಿ: ಕನಿಕರದ ಜೊತೆಗೆ ಲೆಕ್ಕವೂ ಇರಲಿ

ಅಮೀರ್‌ಪೇಟ್‌ನ ಗಲ್ಲಿಗಳಲ್ಲಿ ವಾಸಿಸುವ ನಾಯಿಗಳಿಗೆ ಅನ್ನದ ಕೊರತೆ ಅಷ್ಟಾಗಿ ಇಲ್ಲ. ಸಾಲುಸಾಲಾಗಿರುವ ಹಾಸ್ಟೆಲ್ಲುಗಳ ಮೆಸ್ಸಿನಲ್ಲಿ ಉಳಿದದ್ದು, ಟಿಫಿನ್ ಬಂಡಿಯವರು ಎಸೆಯುವ ಇಡ್ಲಿ, ಗೃಹಿಣಿಯರು ಗೇಟಿನ ಹೊರಗೆ ಇಡುವ ಮೊಸರನ್ನ, ಇವುಗಳಿಂದ ಅವುಗಳ ಹೊಟ್ಟೆ ಹೇಗೋ ತುಂಬುತ್ತದೆ. ತೊಂದರೆ ತಲೆದೋರುವುದು ಅವು ಗಾಯಗೊಂಡಾಗ ಅಥವಾ ಕಾಯಿಲೆ ಬಿದ್ದಾಗ. ಅನ್ನ ಹಾಕಲು ಹತ್ತು ಕೈಗಳಿವೆ. ಆಸ್ಪತ್ರೆಯ ಬಿಲ್ಲು ಕಟ್ಟಲು ಯಾರ ಕೈ ಮುಂದಾಗಬೇಕೆಂಬುದು ಮಾತ್ರ ಯಾರಿಗೂ ತಿಳಿಯದು.

ಸಾಮಾನ್ಯವಾಗಿ ನಡೆಯುವುದು ಹೀಗೆ. ರಾತ್ರಿ ಯಾವುದೋ ವಾಹನ ನಾಯಿಯೊಂದಕ್ಕೆ ಬಡಿಯುತ್ತದೆ. ಕಾಲು ಮುರಿದ ನಾಯಿಯ ಚಿತ್ರವನ್ನು ಯಾರೋ ಮೊಬೈಲಿನಲ್ಲಿ ಕಳಿಸುತ್ತಾರೆ. ಮರುದಿನ ಸಂಜೆಯೊಳಗೆ ಒಂದಷ್ಟು ಹಣ ಸೇರಿ ಶಸ್ತ್ರಚಿಕಿತ್ಸೆಯೂ ಆಗುತ್ತದೆ. ಆದರೆ ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರಗಳೇ ಬೇಕು. ಮೂರನೆಯ ವಾರಕ್ಕೆ ಚಿತ್ರವನ್ನು ಎಲ್ಲರೂ ಮರೆತಿರುತ್ತಾರೆ. ಆಸ್ಪತ್ರೆಗೆ ಸೇರಿಸಿದ ಒಬ್ಬ ಹುಡುಗನೋ ಹುಡುಗಿಯೋ ಸಾಲ ಮಾಡಿ ಉಳಿದ ಹಣ ಕಟ್ಟುತ್ತಿರುತ್ತಾರೆ. ಹೀಗೆ ಒಮ್ಮೆ ಕೈಸುಟ್ಟುಕೊಂಡವರು ಮತ್ತೊಂದು ನಾಯಿಯನ್ನು ಎತ್ತಿಕೊಳ್ಳಲು ಹಿಂಜರಿಯುವುದು ಸಹಜ. ಆದುದರಿಂದ ಕನಿಕರ ಹುಟ್ಟಿದಾಗಲೆಲ್ಲ ಚಂದಾ ಎತ್ತುವುದಕ್ಕಿಂತ, ಅಪಘಾತಕ್ಕೆ ಮುನ್ನವೇ ಒಂದು ಸ್ಥಿರನಿಧಿಯನ್ನು ಕಟ್ಟಿ, ಅದರ ಲೆಕ್ಕವನ್ನು ಎಲ್ಲರಿಗೂ ತೋರಿಸುವುದೇ ಸರಿಯಾದ ದಾರಿ ಎಂಬುದು ನಮ್ಮ ನಂಬಿಕೆ.

ನಾಯಿಗೊಂದು ದತ್ತಿ

ಕನ್ನಡಿಗರಿಗೆ ಈ ವಿಚಾರ ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವನ್ನು ಅನೇಕರು ನೋಡಿರಬಹುದು. ಅದರ ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ದೊರೆ ಎರಡನೆಯ ಬೂತುಗನು ಬೇಕಾದುದನ್ನು ಕೇಳೆಂದಾಗ, ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗಾಗಿ ಭೂಮಿಯನ್ನು ದತ್ತಿ ಬಿಡಲಾಯಿತು.

ನಮ್ಮ ಗಮನ ಸೆಳೆಯುವುದು ಶಾಸನದ ಕೊನೆಯ ಭಾಗ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವು ಅವನಿಗೆ ತಗಲುವುದೆಂದು ಅಲ್ಲಿ ಹೇಳಿದೆ. ದಾನ ಕೊಟ್ಟವನು ಕೊಟ್ಟು ಮರೆಯಲಿಲ್ಲ. ದಾನವನ್ನು ನಿರ್ವಹಿಸುವವನ ಹೊಣೆಯನ್ನೂ ಕಲ್ಲಿನಲ್ಲಿಯೇ ಬರೆಸಿದ. ಸಾವಿರ ವರ್ಷಗಳ ಹಿಂದಿನ ಈ ಎಚ್ಚರ ಇಂದಿನ ನಿಧಿಸಂಗ್ರಹಕ್ಕೂ ಬೇಕು.

ಖರ್ಚು ಎಲ್ಲೆಲ್ಲಿ?

ಹಣ ಕೂಡಿಸುವ ಮೊದಲು ಅದು ಯಾವುದಕ್ಕೆ ಬೇಕೆಂಬುದನ್ನು ಅರಿಯಬೇಕು. ಬೀದಿನಾಯಿಗಳಲ್ಲಿ ಪದೇ ಪದೇ ಕಾಣುವ ತೊಂದರೆಗಳು ಕೆಲವೇ. ವಾಹನ ಬಡಿದು ಮೂಳೆ ಮುರಿಯುವುದು ಒಂದು. ಗಾಯದಲ್ಲಿ ಹುಳು ಬೀಳುವುದು ಇನ್ನೊಂದು; ಬೇಗ ಕಂಡರೆ ಇದು ಅಲ್ಪವೆಚ್ಚದಲ್ಲಿ ಗುಣವಾಗುತ್ತದೆ, ತಡವಾದರೆ ಪ್ರಾಣವನ್ನೇ ತೆಗೆಯುತ್ತದೆ. ಮರಿಗಳಿಗೆ ಬರುವ ಪಾರ್ವೋ ರೋಗದಲ್ಲಿ ವಾಂತಿಭೇದಿಯಿಂದ ನೀರು ಬತ್ತಿಹೋಗುವುದರಿಂದ ಹಲವು ದಿನ ಡ್ರಿಪ್ ಕೊಡಬೇಕು. ಉಣ್ಣೆಯಿಂದ ಬರುವ ಜ್ವರಕ್ಕೆ ರಕ್ತಪರೀಕ್ಷೆ ಮತ್ತು ಸುಮಾರು ನಾಲ್ಕು ವಾರಗಳ ಮಾತ್ರೆ ಬೇಕಾಗುತ್ತದೆ. ಜನನಾಂಗದಲ್ಲಿ ಬೆಳೆದು ಸಂಪರ್ಕದಿಂದ ಹರಡುವ ಒಂದು ಬಗೆಯ ಗಡ್ಡೆಗೆ ವಾರಕ್ಕೊಮ್ಮೆಯಂತೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದನ್ನು ಕೊಡುತ್ತಾರೆ. ನಾಲ್ಕಾರು ಸಲ ಬಿಡದೆ ಕೊಟ್ಟರೆ ಬಹುಪಾಲು ನಾಯಿಗಳು ಗುಣಮುಖವಾಗುತ್ತವೆ. ಎರಡು ಸಲ ಕೊಟ್ಟು ಹಣವಿಲ್ಲವೆಂದು ನಿಲ್ಲಿಸಿದರೆ ಅಷ್ಟೂ ವ್ಯರ್ಥ.

ಹೀಗಾಗಿ ಅಂದಾಜು ಪಟ್ಟಿಯಲ್ಲಿ ಐದು ಬಾಬುಗಳಿರಬೇಕು: ಸಾಗಾಟ, ಎಕ್ಸ್‌ರೇ ಮತ್ತು ರಕ್ತಪರೀಕ್ಷೆ, ಚಿಕಿತ್ಸೆ, ಅನಂತರದ ಆರೈಕೆ, ಹಾಗೂ ಮರಳಿ ಬಿಡುವ ಮುನ್ನ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ. ಕೊನೆಯ ಎರಡನ್ನು ಬಿಟ್ಟು ಮೊದಲ ಮೂರಕ್ಕೆ ಮಾತ್ರ ಹಣ ಕೇಳುವುದರಿಂದಲೇ ಅನೇಕ ಒಳ್ಳೆಯ ಪ್ರಯತ್ನಗಳು ನಡುವಿನಲ್ಲಿ ಸೋಲುತ್ತವೆ.

ನಮ್ಮ ನಗರದಲ್ಲಿ ನಾರಾಯಣಗುಡದ ಸರ್ಕಾರಿ ಪಶುವೈದ್ಯ ಆಸ್ಪತ್ರೆ ಇದೆ. ರಾಜೇಂದ್ರನಗರದಲ್ಲಿ ಪಿ.ವಿ. ನರಸಿಂಹ ರಾವ್ ಹೆಸರಿನ ಪಶುವೈದ್ಯ ವಿಶ್ವವಿದ್ಯಾಲಯವಿದೆ. 1992ರಲ್ಲಿ ಅಮಲಾ ಅಕ್ಕಿನೇನಿಯವರು ಆರಂಭಿಸಿದ ಬ್ಲೂ ಕ್ರಾಸ್ ಆಫ್ ಹೈದರಾಬಾದ್ ಸಂಸ್ಥೆ ಜನರ ದೇಣಿಗೆಯ ಬಲದಿಂದ ಪ್ರಾಣಿಗಳ ರಕ್ಷಣೆ ಮಾಡುತ್ತಿದೆ. ಖಾಸಗಿ ಆಸ್ಪತ್ರೆಗೆ ಓಡುವ ಮುನ್ನ ಇಂಥ ಸ್ಥಳಗಳಲ್ಲಿ ವಿಚಾರಿಸಿದರೆ ನಿಧಿಯ ಹಣ ಇನ್ನಷ್ಟು ನಾಯಿಗಳಿಗೆ ಒದಗುತ್ತದೆ.

ಕೂಡಿಸುವ ಬಗೆ, ಕಾಯುವ ಬಗೆ

ದೊಡ್ಡ ದಾನಿಯೊಬ್ಬರನ್ನು ಹುಡುಕುವುದಕ್ಕಿಂತ ಚಿಕ್ಕ ಮೊತ್ತವನ್ನು ತಪ್ಪದೆ ಕೊಡುವ ಹಲವು ಮನೆಗಳು ಮೇಲು. ಅರವತ್ತು ಕುಟುಂಬಗಳು ತಿಂಗಳಿಗೆ ನೂರು ರೂಪಾಯಿಯಂತೆ ಕೊಟ್ಟರೆ ತಿಂಗಳಿಗೆ 6,000, ವರ್ಷಕ್ಕೆ 72,000 ರೂಪಾಯಿಗಳಾಗುತ್ತವೆ. ಯುಗಾದಿ ಮತ್ತು ರಾಜ್ಯೋತ್ಸವದ ಸಮಾರಂಭಗಳಲ್ಲಿ ತಿಂಡಿಯ ಮಳಿಗೆ, ನಾಟಕದ ಟಿಕೆಟ್ಟಿನಲ್ಲೊಂದು ಪಾಲು, ಹಿರಿಯರ ಪುಣ್ಯತಿಥಿಯಂದು ಒಂದು ನಾಯಿಯ ಲಸಿಕೆಯ ವೆಚ್ಚ, ಇವೆಲ್ಲ ನಮ್ಮ ಸಂಘಗಳಿಗೆ ಒಗ್ಗುವ ದಾರಿಗಳು. 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಚಿತ್ರದ ತಂಡವು ಲಾಭದಲ್ಲಿ ಶೇಕಡಾ 5ರಷ್ಟನ್ನು ನಾಯಿಗಳಿಗಾಗಿ ದುಡಿಯುವ ಸಂಸ್ಥೆಗಳಿಗೆ ಕೊಡುವುದಾಗಿ ಪ್ರಕಟಿಸಿದ್ದು ನಿಮಗೆ ನೆನಪಿರಬಹುದು. ನೂರು ರೂಪಾಯಿಯ ಟಿಕೆಟ್ಟಿಗೆ ಐದು ರೂಪಾಯಿ ತೆಗೆದಿಡುವುದು ನಮಗೂ ಕಷ್ಟವಲ್ಲ.

ನಿಧಿಯನ್ನು ಕಾಯಲು ಕೆಲವು ಸರಳ ನಿಯಮಗಳು ಸಾಕು. ಹಣ ಯಾರೊಬ್ಬರ ಸ್ವಂತ ಖಾತೆಗೆ ಬರಬಾರದು. ಪಾವತಿ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ತೀರ್ಮಾನ ಮೂವರದಾಗಿರಲಿ: ನಾಯಿಗಳನ್ನು ಬಲ್ಲವರೊಬ್ಬರು, ಲೆಕ್ಕ ಬಲ್ಲವರೊಬ್ಬರು, ನಾಯಿ ಸಾಕದವರೊಬ್ಬರು. ಮೂರನೆಯವರು ಕೇಳುವ ಪ್ರಶ್ನೆಗಳೇ ನಿಧಿಗೆ ಕಾವಲು. ಒಂದು ನಾಯಿಗೆ ಗರಿಷ್ಠ ಎಷ್ಟು ಎಂಬ ಮಿತಿಯನ್ನು ಮೊದಲೇ ಬರೆದಿಡಬೇಕು. ಉಳಿದ ಹಣ ಮುಂದಿನ ನಾಯಿಗೆ ಸಲ್ಲುವುದೆಂದು ದಾನಿಗಳಿಗೆ ಆರಂಭದಲ್ಲಿಯೇ ತಿಳಿಸಬೇಕು. ಪ್ರತಿ ತಿಂಗಳೂ ಜಮಾಖರ್ಚನ್ನು ಬಿಲ್ಲುಗಳೊಡನೆ ಪ್ರಕಟಿಸಬೇಕು. ನಾಯಿ ಸತ್ತರೆ ಸತ್ತಿತೆಂದೇ ಹೇಳಬೇಕು. ಸಾವನ್ನು ಮುಚ್ಚಿಟ್ಟು ಹಣ ಕೇಳುವ ನಿಧಿಯನ್ನು ಯಾರೂ ಎರಡನೆಯ ಬಾರಿ ನಂಬುವುದಿಲ್ಲ.

ದಾನಿಗಳೂ ಎಚ್ಚರದಿಂದಿರಬೇಕು. ರಕ್ತಸಿಕ್ತ ಚಿತ್ರವಿದ್ದು ಆಸ್ಪತ್ರೆಯ ಹೆಸರಿಲ್ಲದಿದ್ದರೆ, ‘ಇನ್ನೊಂದು ಗಂಟೆಯಲ್ಲಿ ಹಣ ಬೇಕು’ ಎಂಬ ಅವಸರವಿದ್ದು ಅಂದಾಜು ಪಟ್ಟಿ ಇಲ್ಲದಿದ್ದರೆ, ಮೊದಲು ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸುವುದು ಒಳಿತು. 80ಜಿ ಎಂದೇ ಪರಿಚಿತವಾದ ತೆರಿಗೆ ವಿನಾಯಿತಿ ನೋಂದಾಯಿತ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಮಾತ್ರ ಸಲ್ಲುತ್ತದೆ. 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ದೊರೆಯುವುದಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದವರಿಗೂ ಇಲ್ಲ. ವಿದೇಶದಲ್ಲಿ ನೆಲೆಸಿದ ಮಕ್ಕಳಿಂದ ಹಣ ಪಡೆಯುವವರು ಇನ್ನೊಂದು ವಿಷಯ ಗಮನಿಸಬೇಕು. ಮಗನೋ ಮಗಳೋ ಭಾರತದ ಪೌರರಾಗಿಯೇ ಉಳಿದಿದ್ದರೆ ಅವರ ಸ್ವಂತ ಉಳಿತಾಯದ ಕೊಡುಗೆಗೆ ತೊಡಕಿಲ್ಲ. ವಿದೇಶಿ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ ಎನಿಸುತ್ತದೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿ ಪಡೆದ ಸಂಸ್ಥೆಗಳಷ್ಟೇ ಅದನ್ನು ಸ್ವೀಕರಿಸಬಹುದು.

ಮಕ್ಕಳ ಸುರಕ್ಷತೆಯ ಮಾತು

‘ಮಕ್ಕಳನ್ನು ಕಚ್ಚುವ ನಾಯಿಗಳಿಗೆ ನಾವೇಕೆ ಹಣ ಕೊಡಬೇಕು?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. 2023ರ ಫೆಬ್ರವರಿಯಲ್ಲಿ ಇದೇ ನಗರದ ಅಂಬರ್‌ಪೇಟ್‌ನಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ ಬೀದಿನಾಯಿಗಳ ದಾಳಿಗೆ ಬಲಿಯಾದನು. ಆ ತಾಯಿತಂದೆಯರ ಮುಂದೆ ಪ್ರಾಣಿದಯೆಯ ಉಪದೇಶ ಮಾಡುವ ಅರ್ಹತೆ ಯಾರಿಗೂ ಇಲ್ಲ.

ಆದರೆ ನಿಧಿಯ ಉದ್ದೇಶ ಮಕ್ಕಳ ಸುರಕ್ಷತೆಗೆ ವಿರುದ್ಧವಾದುದಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಮೂಲತತ್ತ್ವವೇ ಸಂತಾನಹರಣ ಮತ್ತು ರೇಬೀಸ್ ಲಸಿಕೆ. ಕಿವಿಯ ಅಂಚು ಕತ್ತರಿಸಿದ ನಾಯಿಯನ್ನು ಕಂಡರೆ ಅದಕ್ಕೆ ಶಸ್ತ್ರಚಿಕಿತ್ಸೆಯಾಗಿದೆ ಎಂದರ್ಥ. ನಾಯಿಗಳಿಗೆ ಊಟ ಹಾಕುವ ಜಾಗವನ್ನು ಮಕ್ಕಳು ಆಡುವ ಸ್ಥಳದಿಂದ ದೂರದಲ್ಲಿ ಗೊತ್ತುಪಡಿಸುವ ಹೊಣೆಯನ್ನೂ ಅದೇ ನಿಯಮಗಳು ನಿವಾಸಿಗಳ ಸಂಘಕ್ಕೆ ವಹಿಸಿವೆ. ಚಿಕಿತ್ಸೆಗೆಂದು ಹಿಡಿದ ನಾಯಿಗೆ ಈ ಎರಡೂ ಕೆಲಸಗಳನ್ನು ಮಾಡಿಸಿಯೇ ಬಿಡಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ. ನೋವಿನಿಂದ ನರಳುವ, ಲಸಿಕೆ ಕಾಣದ ನಾಯಿಗಿಂತ ಗುಣಮುಖವಾಗಿ ಲಸಿಕೆ ಪಡೆದ ನಾಯಿ ಇರುವ ಬೀದಿ ನಮ್ಮ ಮಕ್ಕಳಿಗೂ ಕ್ಷೇಮ. ರೇಬೀಸ್ ಶಂಕೆಯಿರುವ ನಾಯಿಯನ್ನು ಮಾತ್ರ ಯಾರೂ ಮುಟ್ಟದೆ ನಗರಪಾಲಿಕೆಗೆ ತಿಳಿಸಬೇಕು. ಕಚ್ಚಿಸಿಕೊಂಡವರು ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ಲಸಿಕೆ ಹಾಕಿಸಿಕೊಳ್ಳಬೇಕು.

ಇನ್ನೊಂದು ಕಠಿಣ ಮಾತನ್ನೂ ಹೇಳಬೇಕಾಗಿದೆ. ಕೆಲವು ನಾಯಿಗಳು ಬದುಕುವುದಿಲ್ಲ. ವೈದ್ಯರು ಆಸೆಯಿಲ್ಲವೆಂದ ಮೇಲೂ ದಾನಿಗಳು ಬೇಸರಪಟ್ಟಾರೆಂದು ಚಿಕಿತ್ಸೆಯನ್ನು ಎಳೆಯುವುದು ಆ ಪ್ರಾಣಿಗೂ ಹಿತವಲ್ಲ, ಸರದಿಯಲ್ಲಿರುವ ಮತ್ತೊಂದಕ್ಕೂ ಹಿತವಲ್ಲ. ನೋವಿಲ್ಲದ ಅಂತ್ಯವನ್ನು ವೈದ್ಯರ ಲಿಖಿತ ಅಭಿಪ್ರಾಯದ ಮೇಲೆ ಒಪ್ಪಿಕೊಳ್ಳುವುದೂ ನಿಧಿಯ ನಿಯಮಗಳಲ್ಲಿ ಸೇರಿರಲಿ.

ಆತಕೂರಿನ ಕಾಳಿ ಅರಸನ ಬೇಟೆನಾಯಿ. ನಮ್ಮ ಗಲ್ಲಿಯ ನಾಯಿಗೆ ಹೆಸರೂ ಇಲ್ಲ, ಒಡೆಯನೂ ಇಲ್ಲ. ಅದಕ್ಕೆ ಕಲ್ಲು ನಿಲ್ಲಿಸುವ ಅಗತ್ಯವೂ ಇಲ್ಲ. ಅದು ಬಿದ್ದ ರಾತ್ರಿ ಯಾರೂ ಯಾರ ಮುಖವನ್ನೂ ನೋಡಬೇಕಾಗದಂತೆ ಒಂದು ಖಾತೆಯಲ್ಲಿ ಒಂದಿಷ್ಟು ಹಣವಿದ್ದು, ಅದರ ಲೆಕ್ಕ ಎಲ್ಲರ ಕಣ್ಣಿಗೂ ಬೀಳುವಂತಿದ್ದರೆ ಸಾಕು. ಮುಂದಿನ ಸಭೆಗೆ ಬರುವಾಗ ಈ ವಿಚಾರವನ್ನು ಮನೆಯವರೊಡನೆ ಮಾತನಾಡಿಕೊಂಡು ಬನ್ನಿರೆಂದು ಕೋರುತ್ತೇವೆ.